ನಾಯಿಗೆ ಹರಕೆ ಹೊತ್ತ ತಾಯಂದಿರು

ಕೇಳುಗರಿಗೆ ನಮಸ್ಕಾರ. ಮಧ್ಯಯುಗದ ಯುರೋಪಿನ ಜನಪದ ನಂಬಿಕೆಗಳನ್ನು ಓದುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, 'ಹಾಗಾದ್ರೆ ದೆವ್ವ ಇದೆಯಾ ಸಾರ್?' ದಯವಿಟ್ಟು ಅದನ್ನು ಬಿಡಿ. ಆ ನಂಬಿಕೆಯನ್ನು ಬರೆದಿಟ್ಟವರು ಯಾರು, ಅದನ್ನು ಕೇಳಿ.

ಪಂಚತಂತ್ರದ ಮುಂಗುಸಿ ಕಥೆ ನಿಮಗೆ ಗೊತ್ತು, ಅಲ್ವಾ? ಅದು ಫ್ರಾನ್ಸ್ ತಲುಪುವ ಹೊತ್ತಿಗೆ ಮುಂಗುಸಿ ಹೋಗಿ ಬೇಟೆನಾಯಿ ಬಂದಿತ್ತು. ಹೆಸರು ಗಿನೆಫೋರ್. ಲಿಯೋನ್ ಹತ್ತಿರದ ದೋಂಬ್ ಸೀಮೆಯಲ್ಲಿ ಒಬ್ಬ ಪಾಳೇಗಾರ ನಾಯಿಯ ಬಾಯಲ್ಲಿ ರಕ್ತ ಕಂಡು, ತನ್ನ ಮಗುವನ್ನೇ ಕೊಂದಿದೆ ಅಂದುಕೊಂಡು, ಅದನ್ನು ಕತ್ತಿಯಿಂದ ಕೊಂದ. ಆಮೇಲೆ ನೋಡಿದರೆ ಮಗು ಚೆನ್ನಾಗಿದೆ, ಪಕ್ಕದಲ್ಲಿ ಹಾವು ಸತ್ತು ಬಿದ್ದಿದೆ. ನಾಯಿಯನ್ನು ಬಾವಿಗೆ ಹಾಕಿ, ಕಲ್ಲು ಪೇರಿಸಿ, ಪಕ್ಕದಲ್ಲಿ ಮರಗಳನ್ನು ನೆಟ್ಟರು. ಮುಂದೆ ಹಳ್ಳಿಯವರು ಆ ನಾಯಿಯನ್ನೇ ಸಂತ ಮಾಡಿಕೊಂಡರು!

13ನೇ ಶತಮಾನದಲ್ಲಿ ಎತಿಯೆನ್ ದ ಬೂರ್ಬೋನ್ ಎಂಬ ಪಾದ್ರಿ ಅಲ್ಲಿಗೆ ಬಂದ. ತಪ್ಪೊಪ್ಪಿಗೆಗೆ ಬಂದ ಹೆಂಗಸರು ಗಿನೆಫೋರ್ ಹೆಸರು ಹೇಳಿದಾಗ ಯಾರೋ ಸಂತ ಇರಬೇಕು ಅಂದುಕೊಂಡ, ವಿಚಾರಿಸಿದರೆ ನಾಯಿ. ಕೆಂಡಾಮಂಡಲ ಆದರೂ ಎಲ್ಲವನ್ನೂ ಬರೆದ. ಸೊರಗಿದ ಕೂಸು ತಮ್ಮದಲ್ಲ, ಕಾಡಿನ ಭೂತಗಳು ಅದಲುಬದಲು ಮಾಡಿದ್ದು ಅಂತ ತಾಯಂದಿರ ನಂಬಿಕೆ. ತಮ್ಮ ಕೂಸು ವಾಪಸ್ ಸಿಗಲಿ ಅಂತ ನಾಯಿಯನ್ನು ಹೂಳಿದ ಆ ತೋಪಿನಲ್ಲಿ ಉಪ್ಪು ಅರ್ಪಿಸಿ, ಕೂಸಿನ ಬಟ್ಟೆ ಪೊದೆಗೆ ಕಟ್ಟಿ, ಮರಕ್ಕೆ ಮೊಳೆ ಹೊಡೆಯುತ್ತಿದ್ದರು. ಎರಡು ಮರಗಳ ನಡುವೆ ತಾಯಿ ಮತ್ತು ಒಬ್ಬ ಮುದುಕಿ ಬತ್ತಲೆ ಕೂಸನ್ನು 9 ಸಲ ಆಚೀಚೆ ಎಸೆಯುತ್ತಿದ್ದರು, ಆಮೇಲೆ ಹುಲ್ಲಿನ ಮೇಲೆ ಮಲಗಿಸಿ, ಎರಡು ಮೋಂಬತ್ತಿ ಹಚ್ಚಿ, ಅವು ಉರಿದು ಮುಗಿಯುವ ತನಕ ಅಳು ಕೇಳಿಸದಷ್ಟು ದೂರ ಹೋಗುತ್ತಿದ್ದರು. ಕೆಲವು ಕೂಸುಗಳು ಸುಟ್ಟೇ ಹೋದವು ಅಂತಲೂ ಬರೆದಿದ್ದಾನೆ. ನಿಜವೋ, ಸಿಟ್ಟಿನಲ್ಲಿ ಜಾಸ್ತಿ ಹೇಳಿದನೋ? ಯಾಕಂದ್ರೆ ನಾಯಿಯ ಮೂಳೆ ತೆಗೆಸಿ ಆ ತೋಪನ್ನೇ ಸುಡಿಸಿದವನು ಇವನು. ಆ ತಾಯಂದಿರ ಮಾತು ನಮಗೆ ಸಿಕ್ಕಿರುವುದು ಅದನ್ನು ಅಳಿಸಲು ಬಂದವನ ಕೈಯಿಂದ. ಅದಕ್ಕೇ ಪದೇ ಪದೇ ಹೇಳುತ್ತೇನೆ, ಬರೆದವರು ಯಾರು ಅಂತ ಮೊದಲು ನೋಡಿ.

ಆ ನಂಬಿಕೆ ಅಳಿಯಿತಾ? 19ನೇ ಶತಮಾನದಲ್ಲೂ ಕಾಯಿಲೆ ಮಕ್ಕಳನ್ನು ಅದೇ ಕಾಡಿಗೆ ತರುತ್ತಿದ್ದರು. ಜಾನ್-ಕ್ಲೋಡ್ ಶ್ಮಿಟ್ ಎಂಬ ಇತಿಹಾಸಕಾರರು 1979ರಲ್ಲಿ ಈ ಒಂದು ನಾಯಿಯ ಮೇಲೆ ಇಡೀ ಪುಸ್ತಕ ಬರೆದರು.

ನಾಯಿಯೇ ನನ್ನ ಸಮಯವೆಲ್ಲ ತಿಂದುಬಿಟ್ಟಿತು. ಇಂಗ್ಲೆಂಡಿನ ಬೈಲ್ಯಾಂಡ್ ಮಠದ ಕಥೆ ಎರಡೇ ಮಾತಿನಲ್ಲಿ ಹೇಳುತ್ತೇನೆ. 1400ರ ಸುಮಾರಿಗೆ ಒಬ್ಬ ಸನ್ಯಾಸಿ ಹಳೇ ಹಸ್ತಪ್ರತಿಯ ಖಾಲಿ ಜಾಗದಲ್ಲಿ 12 ದೆವ್ವದ ಕಥೆ ಬರೆದಿಟ್ಟ. ಇವನು ಯಾವುದನ್ನೂ ಸುಡಲು ಬಂದವನಲ್ಲ, ಹಾಗಾಗಿ ಇವನ ದೆವ್ವಗಳ ವರಸೆಯೇ ಬೇರೆ. ಒಂದಂತೂ ದಾರಿಯಲ್ಲಿ ಸಿಕ್ಕವನ ಕಾಳಿನ ಮೂಟೆಯನ್ನು ಹಳ್ಳದ ತನಕ ಹೊತ್ತುಕೊಡುತ್ತದೆ, ಹಳ್ಳ ಮಾತ್ರ ದಾಟಲ್ಲ. ನಮಸ್ಕಾರ.