ಅದೇ ಮರಳು, ಆದರೂ ಗಾಜಿನಲ್ಲಿ ಶಾಖ ಯಾಕೆ ನಿಧಾನ?

[ಮೇಜಿನ ಮೇಲೆ ಒಂದು ಸ್ಟೀಲ್ ಲೋಟ, ಒಂದು ಗಾಜಿನ ಗ್ಲಾಸು. ಎರಡರಲ್ಲೂ ಬಿಸಿ ಚಹಾ]

ಕಲಬುರಗಿಯಿಂದ ನಮಸ್ಕಾರ. ಹೊರಗೆ 42 ಡಿಗ್ರಿ ಇದ್ದರೂ ಚಹಾ ಬೇಕೇ ಬೇಕು, ಅಲ್ವಾ? ಸ್ಟೀಲ್ ಲೋಟ ಮುಟ್ಟಿದರೆ ಬೆರಳು ಚುರ್ ಎನ್ನುತ್ತದೆ. ಗಾಜಿನ ಗ್ಲಾಸಾದರೆ ಅಂಚು ಹಿಡಿದು ಕುಡಿಯಬಹುದು. ಲೋಹದಲ್ಲಿ ಬಿಡಿ ಎಲೆಕ್ಟ್ರಾನ್‌ಗಳು ಶಾಖ ಹೊತ್ತು ಓಡುತ್ತವೆ, ಗಾಜಿನಲ್ಲಿ ಅವು ಇಲ್ಲ. ಇದು ಶಾಲೆಯಲ್ಲೇ ಓದಿದ ವಿಷಯ, ಮುಂದೆ ಹೋಗೋಣ.

ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಮರಳಿನಲ್ಲಿರುವ ಕ್ವಾರ್ಟ್ಜ್ ಹರಳನ್ನು ಕರಗಿಸಿ ತಣಿಸಿದರೆ ಸಿಲಿಕಾ ಗಾಜು. ಅದೇ ಸಿಲಿಕಾನ್, ಅದೇ ಆಮ್ಲಜನಕ. ಆದರೆ ಹರಳಿನ ಶಾಖವಾಹಕತೆ, ದಿಕ್ಕಿಗೆ ತಕ್ಕಂತೆ, ಮೀಟರ್-ಕೆಲ್ವಿನ್‌ಗೆ ಸುಮಾರು 6ರಿಂದ 11 ವ್ಯಾಟ್. ಗಾಜಿನದು ಬರೀ 1.4!

ನಮ್ಮ ಶಹಾಬಾದ್ ಫರಸಿ ಹಾಸಿದ ಅಂಗಳ ನೆನಪಿಸಿಕೊಳ್ಳಿ. ಕಲ್ಲುಗಳು ಒಂದರ ಪಕ್ಕ ಒಂದು, ಸಾಲಾಗಿ. ಹುಡುಗರು ಗೋಲಿ ಬಿಟ್ಟರೆ ಈ ಗೋಡೆಯಿಂದ ಹೊರಟು ಆ ಗೋಡೆಗೆ ಹೋಗಿ ಬಡಿಯುತ್ತದೆ. ಈಗ ಅದೇ ಫರಸಿಯನ್ನು ಒಡೆದು ಅಲ್ಲೇ ಸುರಿಯಿರಿ. ಗೋಲಿ ಒಂದು ಗೇಣೂ ಹೋಗುವುದಿಲ್ಲ. ಕಲ್ಲು ಅದೇ, ಗಣಿಯೂ ಅದೇ, ಸಾಲು ಮಾತ್ರ ಹೋಯಿತು. ಶಾಖ ಅಂದರೆ ಪರಮಾಣುಗಳ ನಡುಕ. ಆ ನಡುಕದ ಅಲೆಯೇ ಗೋಲಿ. ಅದರ ಹೆಸರು ಫೋನಾನ್. ಹರಳಿನಲ್ಲಿ ಪರಮಾಣುಗಳು ಫರಸಿಯಂತೆ ಸಾಲಾಗಿವೆ, ಅದು ದೂರ ಓಡುತ್ತದೆ. ಗಾಜಿನಲ್ಲಿ ಆ ಸಾಲಿಲ್ಲ, ಕೆಲವೇ ಪರಮಾಣು ದಾಟುವಷ್ಟರಲ್ಲಿ ಚದುರಿಹೋಗುತ್ತದೆ. 1949ರಲ್ಲಿ ಭೌತವಿಜ್ಞಾನಿ ಚಾರ್ಲ್ಸ್ ಕಿಟೆಲ್ ಹೀಗೆಯೇ ವಿವರಿಸಿದರು.

ಇದಕ್ಕಿಂತ ಚೆಂದದ ಸಂಗತಿ ಇನ್ನೊಂದಿದೆ. ಕೋಣೆಯ ಉಷ್ಣಾಂಶಕ್ಕಿಂತ ಬಿಸಿ ಏರಿದಂತೆ ಹರಳಿನ ವಾಹಕತೆ ಇಳಿಯುತ್ತದೆ, ಅಲೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಗಾಜಿನದು ಮಾತ್ರ ನಿಧಾನವಾಗಿ ಏರುತ್ತದೆ! ಅಲ್ಲಿ ಅಲೆಯ ಓಟ ಮೊದಲೇ ಅಷ್ಟು ಗಿಡ್ಡ, ಇನ್ನೂ ಗಿಡ್ಡವಾಗಲು ಜಾಗವಿಲ್ಲ. ಬಿಸಿಯಾದಷ್ಟೂ ಹೊರುವ ಶಾಖ ಮಾತ್ರ ಜಾಸ್ತಿ. ಇದನ್ನು ಮೊದಲು ಓದಿದ ದಿನ ನನಗೆ ನಿಜಕ್ಕೂ ಖುಷಿಯಾಗಿತ್ತು.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಕಿಟಕಿ ಗಾಜಿಗೆ ಸೋಡಾ, ಸುಣ್ಣ ಸೇರಿಸುತ್ತಾರೆ. ಸೋಡಾದಲ್ಲಿರುವ ಸೋಡಿಯಂ ಬಂದು ಸಿಲಿಕಾನ್–ಆಮ್ಲಜನಕದ ಕೊಂಡಿಗಳನ್ನು ಬಿಡಿಸುತ್ತದೆ, ವಾಹಕತೆ 1ರ ಹತ್ತಿರಕ್ಕೆ ಇಳಿಯುತ್ತದೆ. ಭಾರವಾದ ಸೀಸ ಜಾಸ್ತಿ ಸೇರಿದರೆ ಇನ್ನೂ ಕಡಿಮೆ. ಲ್ಯಾಬಿನ ಬೋರೋಸಿಲಿಕೇಟ್ ಬೀಕರ್ ಬಿಸಿಗೆ ಒಡೆಯದಿರಲು ಕಾರಣ ವಾಹಕತೆಯಲ್ಲ, ಅದು ಕಡಿಮೆ ಹಿಗ್ಗುತ್ತದೆ.

ಹಾಗಾದರೆ ಮೇ ತಿಂಗಳಲ್ಲಿ ಮುಚ್ಚಿದ ಕಿಟಕಿಯ ಪಕ್ಕವೂ ಯಾಕೆ ಅಷ್ಟು ಝಳ? ಬಿಸಿಲು ಬೆಳಕಾಗಿಯೇ ಗಾಜು ದಾಟಿ ಬರುತ್ತದೆ, ಒಳಗಿನ ನೆಲ, ಮಂಚ ಕಾಯುತ್ತವೆ. ಅದಕ್ಕೇ ಚಾಪೆಯನ್ನು ಒಳಗಲ್ಲ, ಕಿಟಕಿಯ ಹೊರಗೆ ಇಳಿಬಿಡಿ.