ಕಚ್ಚಿಕೊಂಡ ಬೋಲ್ಟು

ಕೇಳುಗರಿಗೆ ನಮಸ್ಕಾರ.

ಶಿರಸಿ ಕಡೆಯ ಅಡಿಕೆ ತೋಟವೊಂದರಲ್ಲಿ ಗೊಬ್ಬರ, ಸೊಪ್ಪು, ಅಡಿಕೆ ಗೊನೆ ಹೊತ್ತು ದುಡಿದು, ಕೊನೆಗೆ ಕೊಟ್ಟಿಗೆಯ ಪಕ್ಕದಲ್ಲಿ ನಿಂತುಬಿಟ್ಟಿದ್ದ ಹಳೆಯ ಜೀಪೊಂದನ್ನು ನಾನು ದೇವಿಮನೆ ಘಟ್ಟ ಇಳಿಸಿ ಕಾರವಾರದ ಕೋಡಿಬಾಗಕ್ಕೆ ತಂದೆ. ದುರಸ್ತಿಯನ್ನು ಇಂದು ನಾಳೆ ಎಂದು ಮುಂದೂಡುತ್ತ ನಾಲ್ಕು ಮಳೆಗಾಲ ಅದನ್ನು ಕಡಲ ಗಾಳಿಗೆ ಒಡ್ಡಿದ್ದು ನನ್ನದೇ ತಪ್ಪು. ಘಟ್ಟದ ಮೇಲೆ ಚಾಸಿಸ್ಸಿನ ಸಂದುಗಳಲ್ಲಿ ಕೆಸರೂ ಕೊಳೆತ ಎಲೆಯೂ ತುಂಬಿ ತೇವ ಹಿಡಿದಿತ್ತು. ಇಲ್ಲಿ ಅದರ ಮೇಲೆ ಉಪ್ಪು ಕುಳಿತಿತು. ಉಪ್ಪು ಬೆರೆತ ನೀರಿನಲ್ಲಿ ತುಕ್ಕಿನ ಕ್ರಿಯೆ ವೇಗವಾಗಿ ನಡೆಯುತ್ತದೆ, ಮೇಲಾಗಿ ಉಪ್ಪು ತಾನೇ ಗಾಳಿಯ ತೇವವನ್ನು ಹೀರಿ ಹಿಡಿದುಕೊಳ್ಳುವುದರಿಂದ ಮಳೆ ನಿಂತ ಮೇಲೂ ಕಬ್ಬಿಣ ಒಣಗುವುದಿಲ್ಲ. ಬೈತಖೋಲ ಬಂದರಿನಿಂದ ಮಂಜುಗಡ್ಡೆ ಹಾಕಿದ ಮೀನಿನ ಪೆಟ್ಟಿಗೆ ಹೊರುವ ಗಾಡಿಗಳ ಅಡಿಭಾಗವನ್ನು ಒಮ್ಮೆ ಬಗ್ಗಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬೋಲ್ಟು ಕಚ್ಚಿಕೊಳ್ಳುವುದಕ್ಕೆ ಕಾರಣ ಸರಳವಾಗಿದೆ. ಕಬ್ಬಿಣವು ತುಕ್ಕಾಗಿ ಮಾರ್ಪಟ್ಟಾಗ ತಾನಿದ್ದ ಜಾಗಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುತ್ತದೆ. ನಟ್ಟಿನ ಮರೆಗೂ, ಅಂದರೆ ಸುರುಳಿಯಾಗಿ ಕೊರೆದ ಗೀರಿಗೂ, ಬೋಲ್ಟಿನ ಮರೆಗೂ ನಡುವೆ ಇರುವುದು ಕೂದಲೆಳೆಯಷ್ಟು ಸಂದು; ಅಲ್ಲಿ ಹುಟ್ಟಿದ ತುಕ್ಕು ಹೊರಬರಲು ದಾರಿಯಿಲ್ಲದೆ ಬೆಣೆ ಹೊಡೆದಂತೆ ಎರಡನ್ನೂ ಬಿಗಿಯುತ್ತದೆ. ಆದ್ದರಿಂದ ಇದು ತೋಳಿನ ಬಲದಿಂದ ಆಗುವ ಕೆಲಸವಲ್ಲ. ಬಲವನ್ನೇ ನಂಬಿ ಪಾನಾದ ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿ ಜಗ್ಗಿದ ನಾನು ಮೊದಲ ದಿನವೇ ಹೊಗೆ ಕೊಳವೆಯ ಮ್ಯಾನಿಫೋಲ್ಡಿನ ಒಂದು ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟು, ಮುರಿದೆ.

ಮುರಿಯುವ ಮುನ್ನ ಅದು ಸೂಚನೆ ಕೊಟ್ಟಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ತುಕ್ಕು ಬಿಡುವಾಗ ಸದ್ದಾಗುತ್ತದೆ: ಮೊದಲು ಟಕ್ಕೆಂದು ಒಂದು ಸಿಡಿತ, ಆಮೇಲೆ ಹಳೆಯ ಬಾಗಿಲ ತಿರುಗಣಿಯಂತೆ ಕಿರ್ರೆಂಬ ಎಳೆತ. ಉಕ್ಕೇ ತಿರುಚಿಕೊಳ್ಳುತ್ತಿದ್ದರೆ ಸದ್ದಿರುವುದಿಲ್ಲ. ಪಾನಾ ಹಸಿ ಬಿದಿರನ್ನು ಬಗ್ಗಿಸಿದಂತೆ ಮೆತ್ತಗೆ ಸಾಗುತ್ತದೆ, ಕೈಗೆ ಅದು ಗೆಲುವಿನ ಹಾಗೆಯೇ ತೋರುತ್ತದೆ. ಆ ಮೆತ್ತನೆಯ ಚಲನೆ ಅರಿವಿಗೆ ಬಂದ ಕ್ಷಣವೇ ಕೈ ತೆಗೆಯಬೇಕು.

ಈಗ ನಾನು ಅನುಸರಿಸುವ ಕ್ರಮ ಹೀಗಿದೆ. ಹೊರಗೆ ಕಾಣುವ ಮರೆಯನ್ನೆಲ್ಲ ವೈರ್ ಬ್ರಷ್ಷಿನಿಂದ ಹೊಳೆಯುವವರೆಗೆ ಉಜ್ಜುತ್ತೇನೆ, ಏಕೆಂದರೆ ನಟ್ಟು ಹೊರಗೆ ಬರಬೇಕಾದ ದಾರಿ ಅದೇ. ಅನಂತರ ಎಣ್ಣೆ. ನಮ್ಮ ಗ್ಯಾರೇಜುಗಳಲ್ಲಿ ಸೀಮೆಎಣ್ಣೆ, ಡೀಸೆಲ್ ಹಾಕುವ ರೂಢಿಯಿದೆ, ಅಂಗಡಿಯಲ್ಲಿ ಡಬ್ಬಿಯ ಸ್ಪ್ರೇ ಸಿಗುತ್ತದೆ. ನನಗೆ ಹೆಚ್ಚು ಒದಗಿ ಬಂದದ್ದು ಅಸಿಟೋನನ್ನೂ ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆಯನ್ನೂ ಸಮಪಾಲು ಬೆರೆಸಿದ ಮಿಶ್ರಣ. ಅವು ಬೇರ್ಪಡುವುದರಿಂದ ಪ್ರತಿ ಸಲ ಕುಲುಕಬೇಕು, ಬೆಂಕಿಯ ಹತ್ತಿರ ತರಲೇಬಾರದು. ಯಾವ ಎಣ್ಣೆಯಾದರೂ ಹಾಕಿದ ಕೂಡಲೇ ಪಾನಾ ಹಿಡಿಯುವುದು ವ್ಯರ್ಥ. ಬೆಳಿಗ್ಗೆ ಸಂಜೆ ನಾಲ್ಕು ಹನಿ ಬಿಟ್ಟು, ಬೋಲ್ಟಿನ ತಲೆಗೆ ನೇರವಾಗಿ ಸುತ್ತಿಗೆಯ ಏಳೆಂಟು ಪೆಟ್ಟು ಕೊಟ್ಟರೆ ಒಳಗಿನ ತುಕ್ಕು ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ಹೀಗೆ ಮೂರು ನಾಲ್ಕು ದಿನ ಕಾಯುತ್ತೇನೆ.

ಪಾನಾದ ವಿಷಯದಲ್ಲಿ ಒಂದು ಮಾತು. 1940ರ ದಶಕದ ಕೊನೆಯಲ್ಲಿ ಮಹೀಂದ್ರಾದವರು ಮುಂಬಯಿಯಲ್ಲಿ ಜೋಡಿಸಲು ಆರಂಭಿಸಿದ್ದು ಅಮೆರಿಕದ ವಿಲ್ಲೀಸ್ ಜೀಪನ್ನು. ಆ ವಂಶದ ಹಳೆಯ ಗಾಡಿಗಳ ಬೋಲ್ಟುಗಳು ಇಂಚಿನ ಅಳತೆಯವು. ಅರ್ಧ ಇಂಚೆಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಪಾನಾ ಕೂರುತ್ತದೆ, ಹೊಸ ಬೋಲ್ಟಾದರೆ ತಿರುಗಿಸುತ್ತದೆ ಕೂಡ. ಆದರೆ ಕಚ್ಚಿಕೊಂಡ ಬೋಲ್ಟಿನ ಮೇಲೆ ಅಷ್ಟು ಸಡಿಲವೇ ಮೂಲೆಗಳನ್ನು ಸವೆಸಿ ತಲೆಯನ್ನು ಗೋಲಿ ಮಾಡಿಬಿಡುತ್ತದೆ. ಸರಿಯಾದ ಇಂಚಿನ, ಆರು ಮೂಲೆಯ ಸಾಕೆಟ್ಟೇ ಬೇಕು. ಅದೇ ವಿಲ್ಲೀಸ್ ಗಾಡಿಗಳಲ್ಲಿ ಎಡಬದಿಯ ಚಕ್ರದ ನಟ್ಟುಗಳು ಉಲ್ಟಾ ಮರೆಯವು. ಇದನ್ನರಿಯದೆ ನಾನು ಕಾಲು ಗಂಟೆ ಬೆವರು ಸುರಿಸುತ್ತಿದ್ದಾಗ ಪಕ್ಕದ ಮನೆಯ ಮೆಕ್ಯಾನಿಕ್ ಬೇಲಿಯಾಚೆಯಿಂದ, "ಮಾಸ್ತರೇ, ನೀವು ಬಿಚ್ಚತಾ ಇಲ್ಲ, ಬಿಗೀ ಮಾಡ್ತಾ ಇದ್ದೀರಿ" ಎಂದರು.

ಬೋಲ್ಟನ್ನು ಮೊದಲು ಬಿಗಿ ಮಾಡುವ ದಿಕ್ಕಿಗೆ ಸ್ವಲ್ಪವೇ ಅಲುಗಿಸುವುದು ಒಳ್ಳೆಯದು, ಅದು ಬೇರೆ ಮಾತು. ಅಲುಗಿದ ಮೇಲೆ ಕಾಲು ಸುತ್ತು ಬಿಚ್ಚಿ, ಅರೆಪಾಲು ಹಿಂದಕ್ಕೆ ತಂದು, ಎಣ್ಣೆ ಬಿಟ್ಟು, ಮತ್ತೆ ಬಿಚ್ಚಬೇಕು. ಒಂದೇ ದಿಕ್ಕಿಗೆ ಎಳೆದರೆ ಉದುರಿದ ತುಕ್ಕಿನ ಪುಡಿ ಮುಂದಿನ ಮರೆಯಲ್ಲಿ ಸೇರಿ ಪುನಃ ಕಚ್ಚಿಕೊಳ್ಳುತ್ತದೆ.

ಇದಕ್ಕೂ ಜಗ್ಗದಿದ್ದರೆ ಬೆಂಕಿ. ಕಾಯಿಸಬೇಕಾದದ್ದು ನಟ್ಟನ್ನು, ಬೋಲ್ಟನ್ನಲ್ಲ. 12 ಮಿಲಿಮೀಟರ್ ರಂಧ್ರವಿರುವ ಉಕ್ಕಿನ ನಟ್ಟು 300 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಹಿಗ್ಗುವುದು ಸುಮಾರು 0.04 ಮಿಲಿಮೀಟರ್ ಮಾತ್ರ, ಆದರೆ ತುಕ್ಕಿನ ಹಿಡಿತ ತಪ್ಪಲು ಅಷ್ಟು ಸಾಕಾಗುತ್ತದೆ. ಬಿಸಿ ಇರುವಾಗ ಮರೆಯ ಅಂಚಿಗೆ ಮೇಣದ ಬತ್ತಿ ಒತ್ತಿದರೆ ಕರಗಿದ ಮೇಣ ಒಳಗೆ ಇಳಿಯುತ್ತದೆ. ಹಿಂದಿನ ದಿನಗಳಲ್ಲಿ ಹಾಕಿದ ಎಣ್ಣೆಯನ್ನು ಚೆನ್ನಾಗಿ ಒರೆಸದೆ, ಪೆಟ್ರೋಲ್ ಟ್ಯಾಂಕು, ಬ್ರೇಕ್ ಪೈಪು, ರಬ್ಬರ್ ಬುಷ್ಷು ದೂರವಿವೆಯೆಂದು ಖಚಿತಪಡಿಸಿಕೊಳ್ಳದೆ ಗ್ಯಾಸ್ ಹೊತ್ತಿಸಬಾರದು.

ನಾನು ಮುರಿದ ಸ್ಟಡ್ಡನ್ನು ತೆಗೆದದ್ದೂ ಬಿಸಿಯೇ. ವೆಲ್ಡರ್ ಉಳಿದ ತುಂಡಿನ ಮೇಲೆ ಒಂದು ನಟ್ಟನ್ನಿಟ್ಟು, ಅದರ ಒಳಗೇ ಬೆಸುಗೆ ತುಂಬಿಸಿ, ಕೆಂಪು ಆರಿದ ಮೇಲೆ ಮೆಲ್ಲಗೆ ಅತ್ತಿತ್ತ ಆಡಿಸುತ್ತ ಹೊರತೆಗೆದರು. ಅದಕ್ಕೂ ಮುಂಚೆ ನಾನು ಡ್ರಿಲ್ ಮಾಡಿ, ಮುರಿದ ತುಂಡನ್ನು ಒಳಗಿನಿಂದ ಕಚ್ಚಿ ತಿರುಗಿಸುವ ಈಜಿ-ಔಟ್ ಹಾಕಲು ಹೊರಟಿದ್ದೆ. ಅದು ಗಡುಸು ಉಕ್ಕಿನ ಸಾಧನವಾದ್ದರಿಂದ ಒಳಗೇ ಮುರಿದರೆ ಸಾಧಾರಣ ಡ್ರಿಲ್ಲು ಅದನ್ನು ಕೊರೆಯಲಾರದು. ಸಾಮಾನ್ಯ ನಟ್ಟು ಬೋಲ್ಟಾದರೆ ಇಷ್ಟು ಕಷ್ಟಪಡದೆ ನಟ್ಟನ್ನು ಉಳಿಯಿಂದ ಸೀಳುವುದೇ ಲೇಸು, ಬೋಲ್ಟಿನ ಬೆಲೆ ಎಷ್ಟಿದ್ದೀತು!

ಹೊಸದಾಗಿ ಹಾಕಿದ ಪ್ರತಿ ಬೋಲ್ಟಿಗೂ ತಾಮ್ರದ ಪುಡಿ ಬೆರೆತ ಗ್ರೀಸ್ ಸವರಿದ್ದೇನೆ. ಹಿಂದಿನ ಬಲಬದಿಯ ಶ್ಯಾಕಲ್ಲಿನ, ಅಂದರೆ ಸ್ಪ್ರಿಂಗ್ ಪಟ್ಟಿಯನ್ನು ಚಾಸಿಸ್ಸಿಗೆ ಜೋಡಿಸುವ ಕೊಂಡಿಯ, ಒಂದು ನಟ್ಟು ಮಾತ್ರ ಇನ್ನೂ ಬಾಕಿಯಿದೆ. ಎಣ್ಣೆ ಬಿಡಲು ತೊಡಗಿ ಇಂದಿಗೆ ಐದು ದಿನ. ನಾಳೆ ಅದನ್ನು ಕಾಯಿಸಬೇಕೆಂದು ಹತ್ತಿರದ ಬ್ರೇಕ್ ಪೈಪನ್ನು ಈಗಾಗಲೇ ಬಿಚ್ಚಿಟ್ಟಿದ್ದೇನೆ. ನಮಸ್ಕಾರ.