ಹುಳಿ ಹಾಕಿ ತಿಕ್ಕಿದ ಹೆಸರು

ಎಲ್ಲರಿಗೂ ನಮಸ್ಕಾರ. ಆಟಿ ತಿಂಗಳ ಈ ಮಳೆಯಲ್ಲಿ ಇಷ್ಟು ಜನ ಬಂದದ್ದೇ ದೊಡ್ಡದು. ಕರೆಂಟು ಇರುವಷ್ಟು ಹೊತ್ತು ಮೈಕಿನಲ್ಲಿ ಮಾತಾಡುತ್ತೇನೆ, ಹೋದರೆ ಗಂಟಲು ಇದ್ದೇ ಇದೆ.

ಯುದ್ಧದಲ್ಲಿ ತೀರಿಕೊಂಡ ನಮ್ಮ ಊರಿನವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ ಈ ಗ್ರಂಥಾಲಯದ ಗೋಡೆಗೆ ಹಾಕಬೇಕು ಅಂತ ಹೋದ ವರ್ಷ ಮಾತಾಯಿತು. ಮಂಗಳೂರಿನ ಕದ್ರಿಯಲ್ಲಿ ಸ್ಮಾರಕ ಇದೆ, ದೆಹಲಿಯಲ್ಲಿ 2019ರಲ್ಲಿ ರಾಷ್ಟ್ರೀಯ ಸ್ಮಾರಕವೇ ಆಯಿತು, ಉಡುಪಿ ಬಳಿಯ ಈ ಸಣ್ಣ ಊರಿಗೆ ಬೇರೆ ಯಾಕೆ ಅಂದವರೂ ಇದ್ದರು. ಅವರಲ್ಲಿ ನಾನೂ ಒಬ್ಬ.

ಆಮೇಲೆ ಹೆಸರು ಕೇಳುತ್ತಾ ಮನೆ ಮನೆ ತಿರುಗಿದೆ. ಒಂದು ಮನೆಯಲ್ಲಿ ಆಟಿಯಲ್ಲಿ ಕುಲೆಗಳಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಬಡಿಸುವಾಗ ಒಂದು ಎಲೆ ಜಾಸ್ತಿ ಹಾಕುತ್ತಾರೆ. ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಅದು ಮಿಲಿಟ್ರಿ ಅಜ್ಜನಿಗೆ. ಹೆಸರೇನು ಅಂದರೆ ಯಾರಿಗೂ ಗೊತ್ತಿಲ್ಲ. ಮಿಲಿಟ್ರಿ ಅಜ್ಜ, ಅಷ್ಟೇ. ‘ಬಸ್ರದಲ್ಲಿ ತೀರಿಹೋದದ್ದಂತೆ’ ಅಂದರು ಮನೆಯ ಹಿರಿಯಮ್ಮ. ನಾನು ಇಲ್ಲೇ ಕುಂದಾಪುರದ ಹತ್ತಿರದ ‘ಬಸ್ರೂರು’ ಅಂತ ಬರೆದುಕೊಂಡೆ. ‘ಬಸ್ರೂರಿಗೆ ಹೋಗಲಿಕ್ಕೆ ಹಡಗು ಯಾಕೆ ಮಾರಾಯ?’ ಅಂತ ಬೈದರು.

ಇರಾಕಿನ ಬಸ್ರಾ ಅದು. ಮೊದಲ ಮಹಾಯುದ್ಧ. ಅಲ್ಲಿ ಬ್ರಿಟಿಷರು ಕಟ್ಟಿಸಿದ ಸ್ಮಾರಕ ಒಂದಿದೆ, ಸಮಾಧಿ ಸಿಗದ 40,000ಕ್ಕೂ ಜಾಸ್ತಿ ಮಂದಿಯ ನೆನಪಿಗೆ. ಬ್ರಿಟಿಷ್ ಸೈನಿಕರ ಹೆಸರನ್ನೆಲ್ಲ ಕೆತ್ತಿದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರು ಮಾತ್ರ. ಉಳಿದ ಸಿಪಾಯಿಗಳು ರೆಜಿಮೆಂಟಿನ ಕೆಳಗೆ ಬರೀ ಸಂಖ್ಯೆ. ಸತ್ತವರಲ್ಲಿ ಮೇಲು ಕೀಳು ಇಲ್ಲ ಅಂತ ಹೇಳಿಕೊಂಡು 1917ರಲ್ಲಿ ಹುಟ್ಟಿದ ಬ್ರಿಟಿಷರ ಯುದ್ಧ ಸಮಾಧಿ ಆಯೋಗ ಮಾಡಿದ ಕೆಲಸ ಇದು! ಅದಕ್ಕೆ ಕ್ಷಮೆ ಕೇಳಿದ್ದು 2021ರಲ್ಲಿ.

ನಮ್ಮಲ್ಲಿ ಹಾಗಿರಲಿಲ್ಲ, ಅಲ್ವಾ? ಎಣ್ಮೂರಿನ ಕಾಳಗದಲ್ಲಿ ಬಿದ್ದ ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರಿಗೆ ಊರೂರಲ್ಲಿ ಗರೋಡಿ, ಅಂದರೆ ಗುಡಿ, ಇದೆ. ಸತ್ತರು ಅನ್ನುವುದಿಲ್ಲ, ಕಾಯ ಬಿಟ್ಟು ಮಾಯ ಸೇರಿದರು ಅನ್ನುತ್ತೇವೆ. ಘಟ್ಟದ ಮೇಲೆ ಹೋದರೆ ವೀರಗಲ್ಲು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗ. ದನ ಬಿಡಿಸಲಿಕ್ಕೆ ಹೋಗಿ ಸತ್ತವನಿಗೂ ಕಲ್ಲು ನಿಲ್ಲಿಸಿದ್ದಾರೆ.

ಇದನ್ನು ಯಾಕೆ ಹೇಳಿದೆ ಅಂದರೆ, ಗುಂಡು ತಾಗಿ ಸತ್ತವರನ್ನು ಮಾತ್ರ ಬರೆಯೋಣ ಅಂತ ನಮ್ಮಲ್ಲೇ ಒಂದು ವಾದ ಇತ್ತು. ಸಿಯಾಚಿನ್‌ನಲ್ಲಿ ಗುಂಡಿಗಿಂತ ಜಾಸ್ತಿ ಜನರನ್ನು ಕೊಂದದ್ದು ಚಳಿ, ಹಿಮ. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ 2016ರಲ್ಲಿ ಆರು ದಿನ ಹಿಮದಡಿ ಇದ್ದು, ಜೀವಂತ ಸಿಕ್ಕಿ, ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಊರಿನವರ ಎದುರು ಆ ವಾದ ಮಾಡಿ ನೋಡೋಣ!

ಇನ್ನು ಮಿಲಿಟ್ರಿ ಅಜ್ಜ. ಹಿರಿಯಮ್ಮ ದೇವರ ಕೋಣೆಯಿಂದ ಒಂದು ಕಂಚಿನ ಪದಕ ತಂದು ಕೈಯಲ್ಲಿಟ್ಟರು. ರೆಕ್ಕೆ ಇರುವ ಹೆಂಗಸಿನ ಚಿತ್ರ. ಯಾವುದೋ ದೇವಿ ಅಂತ ಕುಂಕುಮ ಇಟ್ಟಿದ್ದಾರೆ. ಆ ಯುದ್ಧದ ವಿಜಯ ಪದಕ ಅದು. ಅದರ ಅಂಚಿನಲ್ಲಿ ಸಿಪಾಯಿಯ ನಂಬರು, ಹೆಸರು ಒತ್ತಿರುತ್ತಿದ್ದರು. ಕನ್ನಡಕ ಹಾಕಿ, ಬೆಳಕಿಗೆ ತಿರುಗಿಸಿ ನೋಡಿದೆ. ನೂರು ವರ್ಷ ದೀಪದ ಜೊತೆ ಹುಣಸೆಹುಳಿ ಹಾಕಿ ತಿಕ್ಕಿದ್ದಾರೆ. ಅಂಚು ನುಣ್ಣಗೆ. ಕೊನೆಗೆ ಇಂಗ್ಲಿಷಿನ ಮೂರು ಅಕ್ಷರ ಮಾತ್ರ ಉಳಿದಿದೆ: ಪಿ, ಪಿ, ಎ. ತಿಮ್ಮಪ್ಪನೋ, ದೇವಪ್ಪನೋ, ಕೊರಗಪ್ಪನೋ!

ಅರ್ಧ ಹೆಸರು ಕಲ್ಲಿನಲ್ಲಿ ಚಂದ ಕಾಣುವುದಿಲ್ಲ ಅಂತ ಕೆಲವರು ಹೇಳುತ್ತಿದ್ದಾರೆ. ನನ್ನ ಪ್ರಕಾರ ಮನೆಯ ಹೆಸರು ಹಾಕಿ, ‘ಪ್ಪ’ಕ್ಕಿಂತ ಮೊದಲು ಜಾಗ ಖಾಲಿ ಬಿಡಬೇಕು. ಸಂಖ್ಯೆಯಾಗಿ ಒಮ್ಮೆ ಎಣಿಸಿಕೊಂಡದ್ದು ಸಾಕು ಆ ಮನುಷ್ಯನಿಗೆ.

ಕಲ್ಲಿನ ಕೆಲಸ ದೀಪಾವಳಿ ಕಳೆದು ಶುರುವಾಗುತ್ತದೆ. ಅಷ್ಟರೊಳಗೆ ನಿಮ್ಮ ಅಟ್ಟದ ಮೇಲೆ ಹಳೇ ಕಬ್ಬಿಣದ ಪೆಟ್ಟಿಗೆ ಇದ್ದರೆ ಒಮ್ಮೆ ತೆಗೆದು ನೋಡಿ. ಪದಕ ಏನಾದರೂ ಸಿಕ್ಕಿದರೆ ಹಾಗೇ ತನ್ನಿ. ದಯವಿಟ್ಟು ಹುಳಿ ಹಾಕಿ ತಿಕ್ಕಬೇಡಿ.